ಮೀನು ತಿನ್ನದವನ ಗಾಳ

ಜಗಳೂರಿನ ಬಸ್ ನಿಲ್ದಾಣದಲ್ಲಿ ಬೆಳಗಿನ ಐದೂಮುಕ್ಕಾಲಿಗೆ ನಾನು ದಾವಣಗೆರೆ ಬಸ್ಸು ಹತ್ತಿದಾಗಲೇ ಸಾಕಾಗಿತ್ತು. ಜನವರಿ ತಿಂಗಳ ಚಳಿ, ಹಿಂದಿನ ದಿನ ಸೊಕ್ಕೆಗೆ ಹೋಗಿ ಬಂದ ಮೈನೋವು, ಅದರ ಮೇಲೆ ನನ್ನ ಕೈಯಲ್ಲಿದ್ದ ಉದ್ದನೆಯ ಕೊಳವೆ. ಕಂಡಕ್ಟರು ಅದನ್ನು ಮೇಲಿಂದ ಕೆಳಗೆ ನೋಡಿ, "ಏನ್ರೀ ಅದು, ಪೈಪಾ? ಲಗೇಜಿಗೆ ಟಿಕೆಟ್ ತಗಳ್ರಿ" ಅಂದ. ಮೀನಿನ ಗಾಳ ಅಂದೆ. ನನ್ನ ಹಣೆಯ ವಿಭೂತಿ ನೋಡಿದ, ಮತ್ತೆ ಕೊಳವೆ ನೋಡಿದ. ಲಗೇಜಿನ ಮಾತು ಬಿಟ್ಟು ಮುಂದೆ ಹೋದ.

ಈ ನೋಟ ನನಗೆ ಹೊಸದಲ್ಲ. ನಮ್ಮ ಮನೆಯಲ್ಲಿ ಮೀನು ಮೊಟ್ಟೆ ಯಾವುದೂ ಇಲ್ಲ. ದಿನಾ ಬೆಳಿಗ್ಗೆ ಲಿಂಗಪೂಜೆ ಆಗದೆ ಕಾಫಿಯೂ ಇಲ್ಲ. ನಾನು ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವನು. ಹಿಮಾಚಲದಲ್ಲಿದ್ದಾಗ ಒಬ್ಬ ಸಾಹೇಬರನ್ನು ರಜಾ ದಿನಗಳಲ್ಲಿ ಹೊಳೆಗೆ ಕರೆದುಕೊಂಡು ಹೋಗುವ ಕೆಲಸ ನನ್ನದಾಗಿತ್ತು. ಅವರು ಗಾಳಕ್ಕೆ ಎರೆಹುಳ ಸಿಕ್ಕಿಸುತ್ತಿರಲಿಲ್ಲ. ಕೋಳಿಯ ಗರಿಯನ್ನು ದಾರದಿಂದ ಸುತ್ತಿ ಹುಳದಂತೆ ಮಾಡಿ, ನೀರಿನ ಮೇಲೆ ನೊಣ ಇಳಿದ ಹಾಗೆ ಇಳಿಸುತ್ತಿದ್ದರು. ಹಿಡಿದ ಮೀನನ್ನು ಅಲ್ಲೇ ಬಿಡುತ್ತಿದ್ದರು. ಆ ಹುಚ್ಚು ನನಗೂ ಹತ್ತಿತು. ಅವರು ವರ್ಗವಾಗಿ ಹೋಗುವಾಗ ಹಳೆಯ ಕೋಲೊಂದನ್ನು ನನ್ನ ಕೈಗಿಟ್ಟು ಹೋದರು.

ನಿವೃತ್ತನಾಗಿ ಊರಿಗೆ ಬಂದ ಮೇಲೆ ನನ್ನ ಹೆಂಡತಿ ಗಿರಿಜ ಈ ಹುಚ್ಚಿಗೆ ಎರಡು ಷರತ್ತು ಹಾಕಿದಳು. ಒಂದು, ಯಾವ ಜೀವವೂ ಹೋಗಕೂಡದು. ಎರಡು, ಲಿಂಗ ಹಿಡಿಯುವ ಕೈಯಿಂದ ಮೀನು ಮುಟ್ಟಕೂಡದು. ಒಪ್ಪಿದೆ. ಸೈನ್ಯದಲ್ಲಿ ಕೊಟ್ಟಿದ್ದ ಉಣ್ಣೆಯ ಕೈಗವಸು ಇದ್ದವು. ಅವನ್ನು ತೊಟ್ಟೇ ಮೀನು ಹಿಡಿದು ಬಿಡುವುದು ಅಂತ ಮಾಡಿಕೊಂಡೆ. ಒಂಬತ್ತು ವರ್ಷ ಹೀಗೆ ನಡೆಯಿತು. ಎರಡು ಷರತ್ತನ್ನೂ ಕಾದುಕೊಂಡು ಬಂದೆ ಅಂತ ನನಗೆ ಸ್ವಲ್ಪ ಜಂಬವೂ ಇತ್ತು.

ದಾವಣಗೆರೆಯಲ್ಲಿ ಇಡ್ಲಿ ತಿಂದು ಹೊನ್ನಾಳಿ ಬಸ್ಸು ಹಿಡಿದೆ. ಹೆಂಗಸರಿಗೆ ಟಿಕೆಟ್ ಇಲ್ಲದಾದ ಮೇಲೆ ನಮ್ಮಂಥ ಗಂಡಸರು ದುಡ್ಡು ಕೊಟ್ಟು ನಿಂತುಕೊಂಡು ಹೋಗುವ ಭಾಗ್ಯ ಪಡೆದಿದ್ದೇವೆ. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಕೊಳವೆ. ಒಬ್ಬ ಅಜ್ಜಿ ಕನಿಕರಪಟ್ಟು ಕೊಳವೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಮೊಣಕಾಲು ನೋವು ಹೊನ್ನಾಳಿ ಬರುವ ಹೊತ್ತಿಗೆ ಸೊಂಟಕ್ಕೆ ಏರಿತ್ತು.

ಹೊಳೆಯಲ್ಲಿ ನೀರು ಇಳಿದು ಬಂಡೆಗಳು ಮೈ ತೋರಿಸುತ್ತಿದ್ದವು. ಈ ಕಾಲದಲ್ಲಿ ಗರಿಹುಳ ಬಿಡುವವರಿಗೆ ಒಂದೆರಡು ಮಾತು ಹೇಳುತ್ತೇನೆ. ಕೋಲು ಒಂಬತ್ತು ಅಡಿಯದು ಸಾಕು, ನಾಲ್ಕು ತುಂಡಾಗಿ ಬಿಚ್ಚುವಂತಿದ್ದರೆ ಬಸ್ಸಿಗೆ ಅನುಕೂಲ. ಇಲ್ಲಿ ಗರಿಹುಳಕ್ಕೆ ತೂಕವೇ ಇಲ್ಲ. ದಪ್ಪನೆಯ ದಾರದ ತೂಕವೇ ಅದನ್ನು ಹೊತ್ತೊಯ್ಯಬೇಕು. ಆದ್ದರಿಂದ ಕೋಲಿಗೆ ತಕ್ಕ ದಾರ ಇಲ್ಲದಿದ್ದರೆ ತೋಳು ಸೋಲುತ್ತದೆ, ಹುಳ ಕಾಲ ಬುಡದಲ್ಲೇ ಬೀಳುತ್ತದೆ. ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳು ಇರುತ್ತದೆ. ಅದನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರೆ ಮೀನಿನ ಬಾಯಿ ಹರಿಯದೆ ಸಲೀಸಾಗಿ ಬಿಡುತ್ತದೆ. ಗರಿಗೆ ನಾಟಿ ಹುಂಜದ ಕತ್ತಿನದೇ ಆಗಬೇಕು, ಫಾರಂ ಕೋಳಿಯದು ನೀರು ಕುಡಿದು ಮುಳುಗುತ್ತದೆ. ಅದನ್ನು ಹುಡುಕಿಕೊಂಡೇ ನಾನು ಹಿಂದಿನ ದಿನ ಸೊಕ್ಕೆಗೆ ಹೋಗಿದ್ದು.

ಇನ್ನು ಬಟ್ಟೆ. ನಮ್ಮ ಕಡೆ ಎಂಥ ಚಳಿ ಅಂತ ನಗಬೇಡಿ. ಬೆಳಿಗ್ಗೆ ಆರಕ್ಕೆ ಮೊಣಕಾಲುದ್ದ ಹೊಳೆಯ ನೀರಲ್ಲಿ ನಿಂತರೆ ಹಲ್ಲು ತಾಳ ಹಾಕುತ್ತವೆ, ಒಂಬತ್ತಕ್ಕೆ ಬೆವರು ಇಳಿಯುತ್ತದೆ. ಒಳಗೆ ಹತ್ತಿಯ ಬನಿಯನ್ ಬೇಡ; ಒದ್ದೆಯಾದರೆ ಮೈಗೆ ಅಂಟಿಕೊಂಡು ಮಧ್ಯಾಹ್ನದವರೆಗೂ ಕಾಡುತ್ತದೆ. ತೆಳುವಾದ ಉಣ್ಣೆಯದು ಒಂದು, ಅದರ ಮೇಲೆ ಸ್ವೆಟರು, ಗಾಳಿ ತಡೆಯಲು ಒಂದು ಜಾಕೆಟ್ಟು. ಬಿಸಿಲೇರಿದಂತೆ ಒಂದೊಂದೇ ಬಿಚ್ಚುತ್ತಾ ಹೋಗಬೇಕು. ಕಿವಿ ಮುಚ್ಚುವ ಟೋಪಿ ಮರೆಯಬೇಡಿ. ಕೈಗವಸಿನ ವಿಷಯಕ್ಕೆ ಈಗ ಬರುತ್ತೇನೆ.

ಮಾರನೆಯ ಬೆಳಿಗ್ಗೆ ಹೊಳೆದಂಡೆಯಲ್ಲಿ ಬುಡನ್ ಸಾಬರು ಸಿಕ್ಕರು. ಬಲೆ ಹಾಕಿ ಬದುಕುವವರು, ನನಗಿಂತ ಹತ್ತು ವರ್ಷ ಹಿರಿಯರು, ಪ್ರತಿ ಸಲವೂ ತಮ್ಮ ಚಹಾದಲ್ಲಿ ಪಾಲು ಕೊಡುವವರು. ನನಗೆ ಅಂಗೈ ಉದ್ದದ ಒಂದು ಮೀನು ಬಿತ್ತು. ಕೈಗವಸಿನ ಕೈಯಲ್ಲಿ ಹಿಡಿದು, ಗಾಳ ಬಿಡಿಸಿ, ನೀರಿಗೆ ಬಿಟ್ಟೆ. ಸರ್ರನೆ ಹೋಯಿತು. ನಾನು ಖುಷಿಯಾಗಿ ಸಾಬರ ಕಡೆ ತಿರುಗಿದೆ. ಅವರ ಮುಖದಲ್ಲಿ ಖುಷಿ ಇರಲಿಲ್ಲ.

"ಮಿಲ್ಟ್ರಿಯವರೇ, ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡ್ರಿ" ಅಂದರು.

"ಹೇಳ್ರಿ ಸಾಬ್ರೆ."

"ಅದು ಬದುಕಂಗಿಲ್ಲ."

ನಾನು ನಕ್ಕೆ. "ಈಗ ಓಡಿ ಹೋಯ್ತಲ್ರೀ?"

"ಈಗ ಓಡ್ತೈತೆ. ಮೀನಿನ ಮೈ ಮ್ಯಾಲೆ ಲೋಳೆ ಐತಲ್ಲ, ಅದೇ ಅದರ ಅಂಗಿ. ಉಣ್ಣೆಯಾಗ ಹಿಡಿದ್ರೆ, ಒಣದಿರ್ಲಿ ಒದ್ದೇದಿರ್ಲಿ, ಅಂಗಿ ಕಿತ್ಕಂಡಂಗೆ. ಎಲ್ಡು ಮೂರು ದಿನಕ್ಕೆ ಬಿಳೀ ಬೂಷ್ಟು ಹಿಡೀತೈತೆ, ಆಮ್ಯಾಲೆ ತೇಲ್ತೈತೆ." ಚಹಾದ ಲೋಟ ನನ್ನ ಕೈಗೆ ಕೊಟ್ಟು ಹೇಳಿದರು: "ಹೋದ್ಸರಿ ನೀವು ಬಂದು ಹೋದ ಮ್ಯಾಲೆ ನನ್ ಬಲೆಗೆ ಎಲ್ಡು ಅಂಥವು ಬಿದ್ದಿದ್ವು. ಬೆನ್ನ ಮ್ಯಾಲೆ ನಾಲ್ಕು ಬೆರಳಿನ ಗುರ್ತು ಬೆಳ್ಳಗೆ ಎದ್ದಿತ್ತು. ನಿಮಗೆ ಹೇಳಾಕೆ ಮನಸ್ಸಾಗಲಿಲ್ಲ."

ಚಹಾದ ಲೋಟ ಬಂಡೆಯ ಮೇಲಿಟ್ಟೆ. ಹಿಮಾಚಲದ ಸಾಹೇಬರು ಮೀನು ಮುಟ್ಟುವ ಮೊದಲು ಪ್ರತಿ ಸಲವೂ ಕೈ ನೀರಿಗೆ ಅದ್ದುತ್ತಿದ್ದದ್ದು ಆಗ ನೆನಪಾಯಿತು. ಹಿಮ ಕರಗಿದ ನೀರು ಅದು, ಬೆರಳು ಮರಗಟ್ಟುತ್ತಿತ್ತು, ಆದರೂ ಅದ್ದುತ್ತಿದ್ದರು. ಕೈ ತೊಳೆದುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಕೇಳಿರಲಿಲ್ಲ. ಒಂಬತ್ತು ವರ್ಷದಲ್ಲಿ ಎಷ್ಟು ಮೀನು ಬಿಟ್ಟಿರಬಹುದು ಅಂತ ಲೆಕ್ಕ ಹಾಕಲು ಹೋಗಿ ನಿಲ್ಲಿಸಿದೆ.

"ಬರಿಗೈ ಒದ್ದೆ ಮಾಡ್ಕಂಡು ಹಿಡೀರಿ, ಏನೂ ಆಗಂಗಿಲ್ಲ" ಅಂದರು ಸಾಬರು.

"ಬರಿಗೈಲಿ ಮುಟ್ಟಂಗಿಲ್ಲ ಸಾಬ್ರೆ. ಮನೇಲಿ ಮಾತು ಕೊಟ್ಟೀನಿ."

ಅವರು ಬಲೆ ಕೊಡವುತ್ತಾ ಕೂತರು. ಗಿರಿಜಳ ಒಂದು ಷರತ್ತು ಉಳಿಸಿದರೆ ಇನ್ನೊಂದು ಮುರಿಯುತ್ತಿತ್ತು. ಅಷ್ಟು ಸರಳವಾದ ಸಂಗತಿ ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಆ ಬೆಳಿಗ್ಗೆ ಮತ್ತೆ ಕೋಲು ಎತ್ತಲಿಲ್ಲ.

ಮಧ್ಯಾಹ್ನ, ಮೊದಲೇ ಅಂದುಕೊಂಡಿದ್ದಂತೆ, ನ್ಯಾಮತಿಗೆ ಹೋದೆ. ಅರ್ಧ ಗಂಟೆಯ ದಾರಿ, ಆದರೆ ಬಸ್ಸಿಗಾಗಿ ಕಾದದ್ದು ಒಂದು ಗಂಟೆ. ಕಾಯುವಾಗ ಒಂದು ಉಪಾಯ ಹೊಳೆದು, ಇಳಿದ ಕೂಡಲೇ ಮೆಡಿಕಲ್ ಸ್ಟೋರಿಗೆ ನುಗ್ಗಿ ಡಾಕ್ಟರುಗಳು ಹಾಕಿಕೊಳ್ಳುವ ತೆಳು ರಬ್ಬರಿನ ಕೈಗವಸು ಕೇಳಿದೆ. ಉಣ್ಣೆಯಲ್ಲ, ನೀರಲ್ಲಿ ಅದ್ದಬಹುದು, ಕೈಯೂ ಮುಟ್ಟುವುದಿಲ್ಲ. ನನ್ನ ಬುದ್ಧಿಗೆ ನಾನೇ ಭೇಷ್ ಅಂದುಕೊಂಡೆ. ಅಂಗಡಿಯವನು, "ಮನ್ಯಾಗೆ ಯಾರಿಗೆ ಹುಷಾರಿಲ್ರೀ?" ಅಂತ ಕಾಳಜಿಯಿಂದ ಕೇಳಿದ. ಮೀನಿಗೆ ಅನ್ನಲು ಧೈರ್ಯ ಬರಲಿಲ್ಲ. ನೆಂಟರಿಗೆ ಅಂದೆ.

ಆ ಸಂಜೆ ಊರ ಹೊರಗಿನ ನಾಲೆಯ ಬದಿಯಲ್ಲಿ ಉಪಾಯದ ಬಂಡವಾಳ ಬಯಲಾಯಿತು. ಗಾಳಿ ತಣ್ಣಗೆ ಕೊರೆಯುತ್ತಿತ್ತು. ಒದ್ದೆ ರಬ್ಬರಿನೊಳಗೆ ಬೆರಳು ಸೆಟೆದು ಇಕ್ಕಳ ಹಿಡಿಯಲಾಗಲಿಲ್ಲ. ಸಣ್ಣ ಜಿಲೇಬಿ ಮೀನೊಂದು ಬಿದ್ದಿತ್ತು; ಅದರ ಬೆನ್ನಿನ ಮುಳ್ಳು ರಬ್ಬರು ಸೀಳಿತು, ನಾನು ಬೆಚ್ಚಿ ಕೈ ಬಿಟ್ಟೆ, ಅದು ನಾಲೆಯ ಕಲ್ಲುಗಳ ಮೇಲೆ ಬಿದ್ದು ಎರಡು ಸಲ ಪುಟಿದು ನೀರಿಗೆ ಉರುಳಿತು. ಬದುಕಿತೋ ಇಲ್ಲವೋ ಗೊತ್ತಿಲ್ಲ. ಲಾಡ್ಜಿನಲ್ಲಿ ಮುದ್ದೆ ಸಾರು ಉಂಡು, ಸ್ವೆಟರು ಬಿಚ್ಚದೆ ಮಲಗಿದೆ. ಬೆಳಿಗ್ಗೆ ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತ್ತು.

ಹೋಗಿದ್ದರೆ ಚೆನ್ನಾಗಿತ್ತೋ ಏನೋ. ಆದರೆ ಸೂಳೆಕೆರೆಯಲ್ಲಿ ಮೀನಿನ ಗುತ್ತಿಗೆ ಹಿಡಿದವರ ಒಪ್ಪಿಗೆಯನ್ನು ಕಷ್ಟಪಟ್ಟು ಪಡೆದಿದ್ದೆ, ಒಂದು ದಿನಕ್ಕೆ ಮಾತ್ರ. ಹೊನ್ನಾಳಿಗೆ ವಾಪಸು ಬಂದು, ಬಸವಾಪಟ್ಟಣದಲ್ಲಿ ಬಸ್ಸು ಬದಲಿಸಿ, ಕೆರೆ ಏರಿ ತಲುಪುವ ಹೊತ್ತಿಗೆ ಹನ್ನೊಂದಾಗಿತ್ತು. ಮೂರು ಬಸ್ಸು, ಒಂದು ಆಟೊ. ಕೆರೆ ಕಣ್ಣಿಗೆ ನಿಲುಕದಷ್ಟು ದೊಡ್ಡದು. ಬೇರೆ ದಿನವಾಗಿದ್ದರೆ ಅದನ್ನು ನೋಡಿಯೇ ದಣಿವು ಇಳಿಯುತ್ತಿತ್ತು.

ಎರಡು ಗಂಟೆ ಏನೂ ಬೀಳಲಿಲ್ಲ. ನಿಜ ಹೇಳುತ್ತೇನೆ, ಬೀಳದಿರಲಿ ಅಂತಲೇ ನಿಂತಿದ್ದೆ. ಆಮೇಲೆ ಜೊಂಡಿನ ಅಂಚಿನಲ್ಲಿ ಕಂದು ಗರಿಹುಳ ಇಳಿಸಿದೆ, ದಾರ ಒಮ್ಮೆಲೆ ಬಿಗಿಯಿತು. ದೊಡ್ಡ ಗೆಂಡೆ ಮೀನು. ಕಾಲು ಗಂಟೆ ನನ್ನನ್ನು ದಡದುದ್ದಕ್ಕೂ ಎಳೆದಾಡಿತು. ನನ್ನ ತೋಳು ಸೋತಿತ್ತು, ಮೀನೂ ಸೋತಿತ್ತು. ಹತ್ತಿರ ಬಂದಾಗ ಪಕ್ಕಕ್ಕೆ ಮಗುಚಿಕೊಂಡು ಹೊಟ್ಟೆ ತೋರಿಸಿತು.

ಸಣ್ಣ ಮೀನಾದರೆ ಮುಟ್ಟದೆ ಇಕ್ಕಳದಿಂದಲೇ ಗಾಳ ಬಿಡಿಸಿ ಕಳಿಸಬಹುದು. ಇಷ್ಟು ದಣಿದ ದೊಡ್ಡ ಮೀನನ್ನು ಹಾಗೆ ಬಿಟ್ಟರೆ ಮುಳುಗಿ ಸಾಯುತ್ತದೆ. ನೀರಿನೊಳಗೆ ನೆಟ್ಟಗೆ ಹಿಡಿದು, ಕಿವಿರಿಗೆ ನೀರು ಓಡುವಂತೆ ಮಾಡಿ, ಉಸಿರು ತಿರುಗುವವರೆಗೂ ಕಾಯಬೇಕು. ಹಿಡಿಯಬೇಕು ಅಂದರೆ ಕೈಯಲ್ಲೇ ಹಿಡಿಯಬೇಕು.

ಹರಿದ ರಬ್ಬರಿನ ಕೈಗವಸು ಬಿಚ್ಚಿ ದಡಕ್ಕೆ ಎಸೆದೆ. ಎರಡೂ ಕೈ ನೀರಿಗೆ ಅದ್ದಿದೆ. ಎಡಗೈಯನ್ನು, ದಿನಾ ಬೆಳಿಗ್ಗೆ ಲಿಂಗ ಇಟ್ಟುಕೊಳ್ಳುವ ಕೈಯನ್ನೇ, ಅದರ ಹೊಟ್ಟೆಯ ಕೆಳಗೆ ಹಾಕಿದೆ. ಅಸಹ್ಯ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ನೆನೆದ ಲೋಳೆಸರದ ಹಾಗೆ ನುಣ್ಣಗಿತ್ತು, ತಣ್ಣಗಿತ್ತು. ಅಂಗೈಗೆ ಅದರ ಜೀವ ತಾಗುತ್ತಿತ್ತು, ತೆರೆದು ಮುಚ್ಚುವ ಕಿವಿರಿನ ಅದುರು. ನಡು ಬಗ್ಗಿಸಿ ನಿಂತೇ ಇದ್ದೆ. ಬೆನ್ನು ಕಿತ್ತು ಹೋಗುವಷ್ಟು ನೋಯುತ್ತಿತ್ತು. ನನಗೆ ಅಳು ಬಂತು, ಮುಚ್ಚಿಡುವುದೇನು. ಕೊನೆಗೆ ಅದು ಬಾಲ ಬೀಸಿ, ನನ್ನ ಕೈ ತಳ್ಳಿಕೊಂಡು ತಾನೇ ಹೋಯಿತು.

ಚನ್ನಗಿರಿಗೆ ಬಂದು, ಅಲ್ಲಿಂದ ದಾವಣಗೆರೆ, ಅಲ್ಲಿಂದ ಜಗಳೂರು. ದಾರಿಯುದ್ದಕ್ಕೂ ಗಿರಿಜಳಿಗೆ ಹೇಗೆ ಹೇಳುವುದು ಅಂತಲೇ ಯೋಚನೆ. ಹೇಳದೇ ಇರಬಹುದಿತ್ತು. ಯಾರು ನೋಡಿದ್ದರು? ಆದರೆ ಮಾರನೆಯ ಬೆಳಿಗ್ಗೆ ಆ ಕೈ ಚಾಚಿ ಅವಳೆದುರೇ ಪೂಜೆಗೆ ಕೂರಬೇಕಲ್ಲ.

ಮನೆ ತಲುಪಿದಾಗ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಅವಳು ನೀರು ತಂದಳು. ಒಳಗೆ ಹೋಗದೆ ಹೊಸ್ತಿಲಾಚೆ ನಿಂತು ಎಲ್ಲ ಹೇಳಿದೆ: ಸಾಬರ ಮಾತು, ರಬ್ಬರು, ಕೆರೆ, ಬರಿಗೈ. ಅವಳು ಚೊಂಬು ಹಿಡಿದು ನಿಂತೇ ಕೇಳಿದಳು.

"ಮುಟ್ಟಿದ್ದು ಬದುಕ್ತಾ?"

"ಬದುಕ್ತು."

"ಹಂಗಾರೆ ಇಷ್ಟು ವರ್ಷ ಬಿಟ್ಟು ಬಂದೆ ಅಂತಿದ್ರಲ್ಲ, ಅವು?"

ನನ್ನ ಮುಖ ನೋಡಿ ಅವಳಿಗೆ ತಿಳಿಯಿತು. ಬೈಯುತ್ತಾಳೆ ಅಂತ ಕಾದೆ. ಅವಳು ಹೊಸ್ತಿಲ ಮೇಲೆ ಕುಸಿದು ಕೂತಳು, ಚೊಂಬಿನ ನೀರು ಅಷ್ಟೂ ಸೀರೆಯ ಮೇಲೆ ಚೆಲ್ಲಿತು.

"ಮುಟ್ಟಬ್ಯಾಡ್ರಿ ಅಂದಾಕಿ ನಾನೇ ಅಲ್ಲೇನ್ರೀ" ಅಂದಳು.