ಭಟ್ಟಿಗೆ ಹೊದಿಸಿದ ಕೌದಿ

ನಾನು ಚಿಕ್ಕವಳಿದ್ದಾಗ ಉಣಕಲ್ಲಿನ ನಮ್ಮ ಮನೆಯಲ್ಲಿ ಬಾಣಂತಿಯ ಹಾಗೆ ಆರೈಕೆ ಮಾಡಿಸಿಕೊಳ್ಳುತ್ತಿದ್ದುದು ಹಿತ್ತಲಿನ ಭಟ್ಟಿ. ಆಳೆತ್ತರದ ಆ ಇಟ್ಟಂಗಿ ಗುಮ್ಮಟದೊಳಗೆ ಅಪ್ಪ ಪಿಂಗಾಣಿಯ ಕಪ್ಪು-ಬಸಿ, ಉಪ್ಪಿನಕಾಯಿ ಭರಣಿಗಳನ್ನು ಸುಡುತ್ತಿದ್ದ.

ಮೊದಮೊದಲು ಹುಬ್ಬಳ್ಳಿಯ ಚಹಾದಂಗಡಿಯವರು ನಮ್ಮ ಬಾಗಿಲಲ್ಲಿ ಟಾಂಗಾ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಕಪ್ಪಿನ ಅಂಚಿಗೆ ನೀಲಿ ಗೆರೆ ಎಳೆಯುವುದು ಅಕ್ಕನ ಕೆಲಸ. ಅವಳನ್ನು ನಗಿಸದೆ ಕೂರುವುದು ನನ್ನ ಕೆಲಸ. ಆಮೇಲೆ ಪೇಟೆಗೆ ಗಾಜಿನ ಗ್ಲಾಸುಗಳು ಬಂದವು. ಬಿದ್ದರೆ ಅವೂ ಒಡೆಯುತ್ತಿದ್ದವು, ಆದರೆ ಅಗ್ಗ. ಟಾಂಗಾಗಳು ಕಡಿಮೆಯಾಗುತ್ತಾ ಬಂದು ಕೊನೆಗೆ ಹೋಟೆಲ್ ಸಾವಕಾರರೊಬ್ಬರು ಮಾತ್ರ ಉಳಿದರು.

ಬೆಂಕಿ ಆರಿದ ಮೇಲೆ ಭಟ್ಟಿಯ ಬಾಗಿಲಿಗೆ ಕಟ್ಟಿದ ಇಟ್ಟಂಗಿಯನ್ನು ಮೂರು ದಿನ ಯಾರೂ ಸರಿಸುವಂತಿರಲಿಲ್ಲ. ಬಾಣಂತಿಗೆ ಗಾಳಿ ತಾಗಬಾರದು ಎನ್ನುತ್ತಿದ್ದಳು ಅಜ್ಜಿ. ದಿನವೂ ಅದರ ಮೇಲೆ ಅಂಗೈ ಇಟ್ಟು ನೋಡಿ, ಅವಳು ಹೂಂ ಎಂದ ಮೇಲೆಯೇ ಬಾಗಿಲು ತೆಗೆಯುವುದು.

ಸಾವಕಾರರಿಗೆಂದು ಕಪ್ಪು ಸುಟ್ಟ ಆ ಸಲ ಕಟ್ಟಿಗೆ ಹಸಿಯಿದ್ದು ಭಟ್ಟಿ ಹಚ್ಚುವುದೇ ತಡವಾಗಿತ್ತು. ಬೆಂಕಿ ಆರಿದ ಎರಡನೆಯ ದಿನ ಮಧ್ಯಾಹ್ನವೇ ಸಾವಕಾರರು ಬಂದು ಹೊರಸಿನ ಮೇಲೆ ಕೂತರು.

“ನಾಳೆ ಮುಂಜಾನಿ ಹೊಸಾ ಹೋಟೆಲ್ ತೆಗೀತೇನಿ. ಮಂದಿಗೆ ಚಹಾ ಬೊಗಸ್ಯಾಗ ಕೊಡ್ಲೇನ್ರಿ?” ಎಂದು ನಕ್ಕರು. ಸಂಜೆಯೊಳಗೆ ಕಪ್ಪು ಸಿಗದಿದ್ದರೆ ಗಾಜಿನವನ್ನು ತರಿಸುತ್ತೇನೆ ಎಂದಾಗ ಮಾತ್ರ ನಗಲಿಲ್ಲ.

ಅಜ್ಜಿ ಅಂಗೈ ಇಟ್ಟು ನೋಡಿದಳು. “ಬ್ಯಾಡೋ, ಇನ್ನೂ ಕೈ ಸುಡತೈತಿ.”

“ಎರಡ ಇಟ್ಟಂಗಿ ಅಷ್ಟ ತೆಗೀತೇನಿ, ಅವ್ವಾ. ಲಗೂ ಆರತೈತಿ,” ಎಂದ ಅಪ್ಪ. ಹಾಗೆನ್ನುವಾಗ ಅವಳ ಮುಖ ನೋಡಲಿಲ್ಲ.

ಇಟ್ಟಂಗಿ ಸರಿಸಿದಾಗ ಬಿಸಿ ಮುಖಕ್ಕೆ ರಾಚಿತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಳಗೆಲ್ಲೋ ಟಿಣ್ ಎಂದಿತು. ಮತ್ತೊಂದು ಟಿಣ್. ನನಗೆ ಅದು ಬಳೆಯ ಸದ್ದಿನ ಹಾಗೆ ಕೇಳಿಸಿ ನಕ್ಕುಬಿಟ್ಟೆ. ಅಕ್ಕ ನನ್ನ ಬಾಯಿ ಮುಚ್ಚಿದಳು. ತಣ್ಣನೆಯ ಗಾಳಿ ತಾಗಿ ಕಪ್ಪುಗಳು ಒಂದೊಂದಾಗಿ ಬಿರುಕು ಬಿಡುತ್ತಿದ್ದವು.

ಅಪ್ಪ ಇಟ್ಟಂಗಿ ತಿರುಗಿ ಇಟ್ಟು, ಬರಿಗೈಯಲ್ಲೇ ಹಸಿಮಣ್ಣು ಮೆತ್ತಿದ. ಸದ್ದು ನಿಲ್ಲಲಿಲ್ಲ. ಅಜ್ಜಿ ಒಳಗಿನಿಂದ ತನ್ನ ಕೌದಿ ತಂದು ಭಟ್ಟಿಯ ಬಾಗಿಲಿಗೆ ಹೊದಿಸಿದಳು. ಹಳೆಯ ಸೀರೆಗಳ ಆ ಕೌದಿ ಮೆಲ್ಲಗೆ ಸೀಯುವ ವಾಸನೆ ಬಂತು. ಆದರೂ ಅವಳು ಅದನ್ನು ಒತ್ತಿ ಹಿಡಿದೇ ನಿಂತಿದ್ದಳು. ಸಾವಕಾರರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ಹೊರಟುಹೋದರು. ನಾವು ಕತ್ತಲಾಗುವವರೆಗೂ ಕೂತು ಕೇಳಿದೆವು. ಕೇಳುವುದು ಬಿಟ್ಟು ಮಾಡುವಂಥದ್ದು ಏನೂ ಇರಲಿಲ್ಲ.

ಬಾಗಿಲು ತೆಗೆದ ದಿನ ಅಪ್ಪ ಪ್ರತಿ ಕಪ್ಪನ್ನೂ ಬೆರಳಿನಿಂದ ತಟ್ಟಿ ನೋಡಿದ. ಬಿರುಕಿಲ್ಲದ ಕಪ್ಪು ನಾದ ಕೊಡುತ್ತದೆ. ಒಂದೂ ಕೊಡಲಿಲ್ಲ. ಆ ಭಟ್ಟಿ ಮತ್ತೆ ಉರಿಯಲಿಲ್ಲ. ಅಪ್ಪ ಗಾಜಿನ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಆ ಇಟ್ಟಂಗಿ ತೆಗೆಯದಿದ್ದರೂ ಗಾಜು ನಮ್ಮನ್ನು ಬಿಡುತ್ತಿರಲಿಲ್ಲ ಎಂದು ನನಗೆ ಈಗ ಅನಿಸುತ್ತದೆ. ಅಪ್ಪನಿಗೆ ಹಾಗೆ ಅನಿಸಲೇ ಇಲ್ಲ.

ಮಕ್ಕಳೇ, ನಿಮ್ಮ ಅಡುಗೆಮನೆಯ ಮೈಕ್ರೊವೇವ್ ಟಿಣ್ ಎಂದರೆ ಸಾಕು, ನೀವು ಓಡಿ ಹೋಗಿ ಬಾಗಿಲು ತೆಗೆಯುತ್ತೀರಿ. ನಿಮಗೆ ಅದು ತಿಂಡಿ ಸಿದ್ಧವಾದ ಸದ್ದು. ನಾನು ಮಾತ್ರ “ತಡೀರೋ, ಇನ್ನೊಂದೀಟು ಆರ್ಲಿ” ಅಂತೇನಿ, ನೀವು ನಗುತ್ತೀರಿ. ನಗ್ರಿ. ಆ ಸದ್ದಿಗೆ ಮೊದಲು ನಕ್ಕವಳು ನಾನೇ.