ಅಣ್ಣನನ್ನು ಹೊರಗೆ ಕಳುಹಿಸಿದ ಕಲೋಲೈನೆ ಸಿಸ್ಟರ್

ದಕ್ಷಿಣ ಆಕ್ಲೆಂಡಿನಲ್ಲಿ ಕ್ಯಾನ್ಸರ್ ರೋಗಿಗಳ ಮನಸ್ಸಿನ ಸಂಕಟವನ್ನು ಅಳೆಯುವವರು ಹಲವರಿದ್ದಾರೆ. ಅಳೆದದ್ದನ್ನು ನಂಬುವ ಮೊದಲು ಕೋಣೆಯಲ್ಲಿ ಯಾರಿದ್ದಾರೆಂದು ನೋಡಿದವರು, ನಾನು ಕಂಡಂತೆ, ಶ್ರೀಮತಿ ಕಲೋಲೈನೆ ವೇಆ ಒಬ್ಬರೇ. ನಮ್ಮ ದ್ವೀಪದೇಶ ಟೋಂಗಾದಲ್ಲಿ ದಾದಿಯ ವಿದ್ಯೆ ಕಲಿತು, ಇಲ್ಲಿನ ಕ್ಯಾನ್ಸರ್ ವಾರ್ಡಿನಲ್ಲಿ ಮೂರು ದಶಕ ದುಡಿದು ಅವರೀಗ ನಿವೃತ್ತರಾಗಿದ್ದಾರೆ. ಅವರ ವಿದ್ಯೆಯ ಬಗ್ಗೆ ವೈದ್ಯರು ಬರೆಯುತ್ತಾರೆ. ಒಗೆದ ಬಟ್ಟೆ ಹರವಿ ಬಂದು ಕೂತ ನಾನು, ಅವರು ನನ್ನ ಮಗಳನ್ನು ಉಳಿಸಿಕೊಟ್ಟ ಬಗೆಯನ್ನು ಬರೆಯುತ್ತೇನೆ. ಬರೆಯುವಾಗ ಕೋಪ ಬರುತ್ತದೆ. ಸಂಪಾದಕರು ಅದನ್ನು ಕತ್ತರಿಸಬಾರದೆಂದು ಕೋರಿಕೆ.

ಹತ್ತೊಂಬತ್ತರ ನನ್ನ ಮಗಳು ಲೆಸಿಯೆಲಿಯನ್ನು ಟೋಂಗಾದ ಹಾಅಪೈ ದ್ವೀಪದಿಂದ ಚಿಕಿತ್ಸೆಗೆ ಇಲ್ಲಿಗೆ ಕಳಿಸಿದಾಗ, ಚಿಕ್ಕ ಮಕ್ಕಳನ್ನು ಬಿಟ್ಟು ನಾನು ಹೊರಡುವಂತಿರಲಿಲ್ಲ. ಇಲ್ಲಿ ನೆಲೆಸಿದ್ದ ಹಿರಿಮಗ ಮೋಸೆಸೆ ಜೊತೆಗಿದ್ದ. ಆಸ್ಪತ್ರೆ ದುಭಾಷಿಯನ್ನು ಕರೆಸಲಿಲ್ಲ. ಅಣ್ಣನೇ ಇದ್ದಾನಲ್ಲ ಎಂದಿತು. ಥರ್ಮಾಮೀಟರಿನ ಚಿತ್ರ ತೋರಿಸಿ, ಕೆಳಗೆ ಸೊನ್ನೆ, ಮೇಲೆ ಹತ್ತು, ಈ ವಾರ ನಿನ್ನ ಸಂಕಟ ಎಷ್ಟು ಎಂದು ಅವನ ಬಾಯಿಂದ ಕೇಳಿಸಿತು. ಮುಟ್ಟಿನ ವಿಷಯವನ್ನೂ ಅವನಿಂದಲೇ ಕೇಳಿಸಿತು! ನಮ್ಮಲ್ಲಿ ಪ್ರಾಯಕ್ಕೆ ಬಂದ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಮಲಗುವುದಿಲ್ಲ, ದೇಹದ ಮಾತು ಆಡುವುದಿಲ್ಲ. ಅದು ಒಬ್ಬರಿಗೊಬ್ಬರು ಕೊಡುವ ಗೌರವ. ಮೋಸೆಸೆ ಆ ಪ್ರಶ್ನೆಯನ್ನು ತಂಗಿಗೆ ಹೇಳಲೇ ಇಲ್ಲ. ತಲೆ ತಗ್ಗಿಸಿ, "ಎಲ್ಲಾ ಸರಿ ಇದೆಯಂತೆ" ಎಂದುಬಿಟ್ಟ. ಅಣ್ಣನೆದುರು ಅವಳೂ ಸೊನ್ನೆಯ ಮೇಲೆ ಬೆರಳಿಟ್ಟಳು. ಸಂಕಟವಿಲ್ಲ ಎಂದು ಬರೆದುಕೊಂಡು ಆಸ್ಪತ್ರೆಯವರು ಹೊರಟುಹೋದರು.

ಕೊನೆಗೆ ಚಿಕ್ಕವರನ್ನು ನೆಂಟರಿಗೊಪ್ಪಿಸಿ ನಾನು ಬಂದಿಳಿದಾಗ, ಆ ಸಂಕಟವಿಲ್ಲದ ಹುಡುಗಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮುಂದಿನ ಔಷಧ ಬೇಡ, ಊರಿಗೆ ಕರೆದುಕೊಂಡು ಹೋಗು ಎನ್ನುವುದೊಂದೇ ಮಾತು. ಬಿಟ್ಟರೆ ಸಾಯುತ್ತಾಳೆಂದು ವೈದ್ಯರು ನನಗೆ ಹೇಳಿದರು. ಏಕೆ ಬಿಡುತ್ತಿದ್ದಾಳೆಂದು ಯಾರೂ ಅವಳನ್ನು ಕೇಳಿರಲಿಲ್ಲ.

ರಜೆ ಮುಗಿಸಿ ಅಂದೇ ಕೆಲಸಕ್ಕೆ ಮರಳಿದ್ದ ಕಲೋಲೈನೆ ಬಾಗಿಲಲ್ಲೇ ನಿಂತು ಮೂವರನ್ನೂ ನೋಡಿದರು.

"ಏನಪ್ಪಾ ದೊಡ್ಡಣ್ಣ, ತಂಗಿಗೆ ಕಾವಲೋ, ಕುರ್ಚಿಗೆ ಕಾವಲೋ? ಹೋಗು, ನಿಮ್ಮಮ್ಮನಿಗೆ ಟೀ ತಾ. ಬೇಗ ಬಂದ್ಯೋ, ಇನ್ನೊಂದ್ಸಲ ಕಳಿಸ್ತೀನಿ."

ಬದುಕಿದೆನೆಂಬಂತೆ ಅವನು ಓಡಿದ. ಅವರು ಹಾಸಿಗೆಯಂಚಿಗೆ ಕೂತು ಮಗಳ ಪಾದಕ್ಕೆ ಕೊಬ್ಬರಿ ಎಣ್ಣೆ ತಿಕ್ಕತೊಡಗಿದರು.

"ಈಗ ಹೆಂಗಸರು ಮಾತ್ರ ಇದ್ದೀವಿ. ತೋರಿಸು ಮಗಾ, ಎಷ್ಟು?"

ಲೆಸಿಯೆಲಿಯ ಬೆರಳು ಹತ್ತನ್ನೂ ದಾಟಿ ಚಿತ್ರದಾಚೆ ನಿಂತಿತು. "ಇದ್ರಲ್ಲಿ ಜಾಗ ಸಾಲಲ್ಲ ಆಂಟಿ. ಮುಟ್ಟು ನಿಂತೋಗಿದೆ. ಮಕ್ಕಳಾಗಲ್ಲ ಅಲ್ವಾ? ಖಾಲಿ ಆಗಿ ಬದುಕಿ ಏನ್ ಮಾಡ್ಲಿ?"

"ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಅಣ್ಣ ಇದ್ದ, ಹೇಗೆ ಕೇಳ್ಲಿ?"

ಅಂದು ಸಂಜೆಯೊಳಗೆ ಕಲೋಲೈನೆ ಒಬ್ಬ ವೈದ್ಯೆಯನ್ನೂ ಒಬ್ಬ ದುಭಾಷಿ ಹೆಂಗಸನ್ನೂ ಕರೆತಂದರು. ಮುಟ್ಟು ನಿಂತದ್ದು ಔಷಧದಿಂದ, ಈ ಪ್ರಾಯದಲ್ಲಿ ಅನೇಕರಿಗೆ ಮರಳುತ್ತದೆ, ಆದರೆ ಭರವಸೆ ಕೊಡಲಾಗದು ಎಂದು ಆ ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದರು. ಮಗಳು ಬಹಳ ಹೊತ್ತು ಅತ್ತು, ಔಷಧಕ್ಕೆ ಒಪ್ಪಿದಳು. ಚಿಕಿತ್ಸೆ ಮುಗಿಯುವವರೆಗೆ ಕಲೋಲೈನೆ ವಾರವಾರ ಬಂದು ಅವಳ ಬಳಿ ಕೂತರು. ಕ್ಯಾಂಟೀನಿನಲ್ಲಿ ಮೋಸೆಸೆಯನ್ನೂ ಕೂರಿಸಿ, ಅವನ ಸಂಕಟ ಎಷ್ಟೆಂದು ಕೇಳಿದರು. ಅವನನ್ನು ಆವರೆಗೆ ನಾನೂ ಕೇಳಿರಲಿಲ್ಲ. ಲೆಸಿಯೆಲಿ ಗುಣವಾಗಿ ಇಂದು ಶಾಲೆಯೊಂದರಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುತ್ತಾಳೆ.

ಆದರೆ ಆಸ್ಪತ್ರೆ ಕಲಿಯಿತೇ? ದ್ವೀಪದ ಹೆಂಗಸರಲ್ಲಿ ಸಂಕಟ ಕಡಿಮೆ, ಹೀಗಾಗಿ ಇನ್ನೊಬ್ಬ ಆಪ್ತಸಲಹೆಗಾರ್ತಿ ಬೇಕಿಲ್ಲ ಎಂದು ಮೇಲಧಿಕಾರಿಯೊಬ್ಬರು ಸಭೆಯಲ್ಲಿ ಹೇಳಿದರು. ಆ ಹೊತ್ತಿಗೆ ಇಲ್ಲೇ ನೆಲೆಸಿದ್ದ ನಾನೂ ರೋಗಿಗಳ ಮನೆಯವರ ಪರವಾಗಿ ಅಲ್ಲಿದ್ದೆ. ಕಲೋಲೈನೆ ಎದ್ದು ನಿಂತರು.

"ನೀವು ಅಳೆದಿರೋದು ಅಣ್ಣಂದಿರ ನಾಚಿಕೇನ ಸಾರ್. ಬರೆದಿರೋದು ತಂಗಿಯರ ಹೆಸರಲ್ಲಿ."

ಅವರ ಹಟದಿಂದ ಆ ವಾರ್ಡಿನಲ್ಲಿ ಮನೆಯವರ ಬದಲು ದುಭಾಷಿಯನ್ನೇ ಕರೆಸುವ ಕ್ರಮ ಬಂತು; ಪಕ್ಕದ ವಾರ್ಡಿನಲ್ಲಿ ಇಂದಿಗೂ ಇಲ್ಲ. ಬೀಳ್ಕೊಡುಗೆಯ ದಿನ ಕೇಕು ಕತ್ತರಿಸಿ ಹೊಗಳಿದವರೇ ಮರುದಿನ ಅವರ ಹುದ್ದೆಯನ್ನು ರದ್ದು ಮಾಡಿದರು. ಕಳೆದ ಮಂಗಳವಾರ, ಸ್ತನದ ಗಡ್ಡೆಗೆಂದು ತಮ್ಮನ ಜೊತೆ ಬಂದ ಹೆಂಗಸೊಬ್ಬಳು ಬಾಯಿ ಬಿಡುತ್ತಿಲ್ಲವೆಂದು ಅದೇ ಆಸ್ಪತ್ರೆ ಈ ನಿವೃತ್ತೆಗೆ ಫೋನು ಮಾಡಿ ಕರೆಸಿಕೊಂಡಿತು. ನೋಯುವ ಮಂಡಿ ಎಳೆದುಕೊಂಡು, ಸಂಬಳವಿಲ್ಲದೆ, ಅವರು ಬಸ್ಸು ಹತ್ತಿ ಹೋದರು. ನಾಚಿಕೆಯಾಗಬೇಕಾದದ್ದು ಯಾರಿಗೆ?

ದೇವರು ಕಲೋಲೈನೆಯವರಿಗೆ ತುಂಬು ಆಯುಷ್ಯವನ್ನೂ ಅವರ ಕೈಗೆ ಇದೇ ಕಸುವನ್ನೂ ಕೊಡಲಿ. ಆಸ್ಪತ್ರೆ ಅವರ ಜಾಗಕ್ಕೆ ಅವರೇ ತರಬೇತು ಕೊಟ್ಟ ಒಬ್ಬಳನ್ನು ಕೊಡಲಿ. ಮೊದಲನೆಯದನ್ನು ಮೊಣಕಾಲೂರಿ ಬೇಡುತ್ತೇನೆ. ಎರಡನೆಯದನ್ನು ಎದ್ದು ನಿಂತು ಕೇಳುತ್ತಿದ್ದೇನೆ.