ಮೇ ತಿಂಗಳಲ್ಲಿ ಹಾಕಿದ ಟಿಕ್

ರಷ್ಯಾಕ್ಕೆ ಹೋಗಿ ಬಂದವಳು ಅಂತ ಗೊತ್ತಾದರೆ ಸಾಕು, ಜನ ಮಾಸ್ಕೋ ಹೇಗಿದೆ, ಆ ಬಣ್ಣಬಣ್ಣದ ಗುಮ್ಮಟ ನೋಡಿದಿರಾ ಅಂತ ಶುರುಮಾಡುತ್ತಾರೆ. ನೋಡಿಲ್ಲ. ಮಾಸ್ಕೋದಲ್ಲಿ ನಾನು ನೋಡಿದ್ದು ಎರಡು ವಿಮಾನ ನಿಲ್ದಾಣ, ಅವೆರಡರ ನಡುವಿನ ಟ್ರಾಫಿಕ್ಕು. ಆಮೇಲೆ ನೋಡಿದ್ದು ಭೂಪಟದ ತುತ್ತತುದಿಯಲ್ಲಿ ಹೆಪ್ಪುಗಟ್ಟುವ ಸಮುದ್ರಕ್ಕೆ ಮುಖ ಮಾಡಿ ಕೂತ ಒಂದು ಪುಟ್ಟ ಊರು. ಆ ಊರಿನಲ್ಲೂ ಒಂದು ಮೀನು ಕಾರ್ಖಾನೆಯ ಗೋದಾಮು. ಐದು ದಿನ ಅದೇ ಗೋದಾಮು. ಕಾರಣ, ಕೋಟಿನ ಜಿಪ್ಪು.

ರೋಹಿಣಿಗೆ ಮೆಟ್ರೋ ಹೊಸದಾಗಿ ಬಂದಿದ್ದ ಕಾಲ. ನಾನು ಓಖ್ಲಾದ ಒಂದು ಗಾರ್ಮೆಂಟ್ ಎಕ್ಸ್‌ಪೋರ್ಟ್ ಯೂನಿಟ್‌ನಲ್ಲಿ ಮರ್ಚಂಡೈಸರ್ ಆಗಿದ್ದೆ. ಅಂದರೆ ವಿದೇಶದ ಬಯರ್ ಕೇಳಿದ್ದನ್ನು ಟೈಲರ್‌ಗಳಿಗೆ ಹೇಳುವುದು, ಟೈಲರ್‌ಗಳು ಹೊಲಿದದ್ದನ್ನು ಬಯರ್‌ಗೆ ಒಪ್ಪಿಸುವುದು, ಇಬ್ಬರ ಬೈಗುಳವನ್ನೂ ನಡುವೆ ನಿಂತು ತಿನ್ನುವುದು. ಗಂಡನಿಗೆ ರೋಹಿಣಿಯಲ್ಲೇ ಹೋಟೆಲ್ಲು. ಉಡುಪಿ ಕಡೆಯವರು ದೆಹಲಿಯಲ್ಲಿ ಇನ್ನೇನು ಮಾಡುತ್ತಾರೆ. ಗಲ್ಲಾದ ಮೇಲಿನ ದೇವರ ಫೋಟೋಗೆ ದಿನಾ ಬೆಳಗ್ಗೆ ತಾಜಾ ಮಾಲೆ ಆಗಬೇಕು, ಅದೂ ಕಟ್ಟಿದ್ದೇ ಆಗಬೇಕು, ಸೂಜಿಯಲ್ಲಿ ಪೋಣಿಸಿದ್ದು ಆಗದು. ಬೇಸಿಗೆಯಲ್ಲಿ ಮಲ್ಲಿಗೆ, ಚಳಿಗಾಲದಲ್ಲಿ ಸೇವಂತಿಗೆ. ಕಟ್ಟುವವಳು ನಾನು. ಓಖ್ಲಾ ತಲುಪಲು ಒಂದೂವರೆ ಗಂಟೆ ಬೇಕು, ಮಗಳ ಟಿಫಿನ್ ಆಗಬೇಕು, ಅದರ ನಡುವೆ ಕಾಲ ಹೆಬ್ಬೆರಳಿಗೆ ನಾರು ಸಿಕ್ಕಿಸಿಕೊಂಡು ಹೂ ಕಟ್ಟುತ್ತ ಕೂರಬೇಕು. ಎಷ್ಟು ಸಲ ಗೊಣಗಿದ್ದೇನೋ ಲೆಕ್ಕವಿಲ್ಲ.

ಆ ವರ್ಷ ಮಾಸ್ಕೋದ ಒಬ್ಬ ಏಜೆಂಟ್ ಮೂಲಕ ನಾನೂರು ಕೋಟುಗಳ ಆರ್ಡರ್ ಬಂತು. ಉತ್ತರದ ಆ ಊರಿನ ಮೀನು ಕಾರ್ಖಾನೆಯ ಜನ ದೋಣಿ ಬಂದು ನಿಲ್ಲುವ ದಕ್ಕೆಯ ಮೇಲೆ ನಿಂತು ಕೆಲಸ ಮಾಡುವಾಗ ಹಾಕುವ ದಪ್ಪ ಪ್ಯಾಡಿಂಗ್ ಕೋಟು. ಇದು ಪರೀಕ್ಷೆಯ ಆರ್ಡರ್, ಪಾಸಾದರೆ ಮುಂದಿನ ವರ್ಷ ದೊಡ್ಡದು. ಸ್ಯಾಂಪಲ್ ತಯಾರಾದದ್ದು ಮೇ ತಿಂಗಳಲ್ಲಿ. ದೆಹಲಿಯ ಮೇ. ಸ್ಯಾಂಪಲ್ ರೂಮಿನ ಕೂಲರ್‌ನಲ್ಲಿ ನೀರು ಮುಗಿದು ಬರೀ ಬಿಸಿಗಾಳಿ ಬೀಸುತ್ತಿತ್ತು. ನಾನು ಕೋಟು ಹಾಕಿಕೊಂಡು ಬಯರ್ ಕಳಿಸಿದ ಪಟ್ಟಿ ಹಿಡಿದು ಒಂದೊಂದೇ ಸಾಲು ಟಿಕ್ ಮಾಡುತ್ತ ಹೋದೆ. ಹನ್ನೊಂದನೇ ಸಾಲು ಹೀಗಿತ್ತು: ಗವಸು ಹಾಕಿದ ಕೈಯಿಂದ ಜಿಪ್ ಎಳೆಯಲು ಬರಬೇಕು. ಜಿಪ್ ಎಳೆದೆ. ಬರಿಗೈಯಲ್ಲಿ. ಬಂತು. ಟಿಕ್.

ಆ ಟಿಕ್ಕಿಗೆ ಅರ್ಧ ಸೆಕೆಂಡು ಹಿಡಿದಿರಬಹುದು. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಕೋಟು ಬಿಚ್ಚಿದರೆ ಸಾಕಾಗಿತ್ತು.

ನವೆಂಬರ್‌ನಲ್ಲಿ ಸುದ್ದಿ ಬಂತು. ಕೋಟುಗಳು ತಲುಪಿವೆ, ಆದರೆ ಕಾರ್ಖಾನೆಯ ಸ್ಟೋರ್ ನೋಡಿಕೊಳ್ಳುವ ಹೆಂಗಸು ಜಿಪ್ಪು ಸರಿಯಿಲ್ಲ, ಸಹಿ ಹಾಕುವುದಿಲ್ಲ ಎನ್ನುತ್ತಿದ್ದಾಳೆ. ಏಜೆಂಟ್ ತಾನು ಆ ಊರಿಗೆ ಹೋಗುವುದಿಲ್ಲ ಎಂದ. ನಮ್ಮ ಮಾಲೀಕರು ತಮ್ಮ ಮಂಡಿನೋವಿನ ವಿಷಯ ತೆಗೆದರು. ಆಮೇಲೆ, ಮೇಡಂ ಜೀ, ಫೈಲ್ ನಿಮ್ಮದಲ್ಲವೇ ಎಂದರು. ಸಹಿ ತಂದರೆ ದೊಡ್ಡ ಆರ್ಡರ್, ತರದಿದ್ದರೆ ಜಾಕೆಟ್ ಲೈನ್ ಬಂದ್ ಎಂದೂ ಸೇರಿಸಿದರು. ಜಾಕೆಟ್ ಲೈನ್ ಅಂದರೆ ನಲವತ್ತು ಟೈಲರ್‌ಗಳು. ಮಾಲೀಕರು ಸುಮ್ಮನೆ ಹೆದರಿಸಲು ಹೇಳಿದ ಮಾತಲ್ಲ ಅದು. ಹಿಂದಿನ ವರ್ಷ ಶರ್ಟ್ ಲೈನ್ ಹಾಗೇ ಮುಚ್ಚಿದ್ದರು.

ಮನೆಯಲ್ಲಿ ಹೇಳಿದೆ. ಗಂಡನ ಬಾಯಿಂದ ಬಂದ ಮೊದಲ ಮಾತು, "ಹೂ ಯಾರು ಕಟ್ಟೋದು ಮಾರಾಯ್ತಿ?"

ಮಗಳು ಟೀವಿಯಿಂದ ಕಣ್ಣು ತೆಗೆಯದೆ, "ಮಮ್ಮಿ, ಅಲ್ಲಿ ಪೋಲಾರ್ ಬೇರ್ ಇರತ್ತಾ? ಫೋಟೋ ಲಾನಾ, ಪಕ್ಕಾ" ಎಂದಳು.

ವೀಸಾಕ್ಕೆ ಅಲೆದಾಟ ಬೇರೆ. ಅದು ಸಿಕ್ಕಿದ ಮೇಲೆ, ಆ ಊರು ಗಡಿ ಪ್ರದೇಶ, ಅಲ್ಲಿಗೆ ಬೇರೆಯೇ ಅನುಮತಿ ಬೇಕು ಎಂದರು. ಆ ಕಾಗದ ಬರುವಷ್ಟರಲ್ಲಿ ವೀಸಾದ ಅವಧಿ ಅರ್ಧ ಮುಗಿದಿತ್ತು. ಭಾನುವಾರ ಗಂಡ, ಎಕ್ಸ್‌ಪೋರ್ಟಿನಲ್ಲಿ ಉಳಿದ ಬಟ್ಟೆ ಅಗ್ಗಕ್ಕೆ ಸಿಗುವ ಸರೋಜಿನಿ ನಗರಕ್ಕೆ ಕರೆದುಕೊಂಡು ಹೋದರು. ರಾಶಿಯಿಂದ ಒಂದು ದಪ್ಪ ಕೋಟು ಎಳೆದು ಅಂಗಡಿಯ ಭಯ್ಯಾ, ಎಕ್ಸ್‌ಪೋರ್ಟ್ ಪೀಸ್ ಬೆಹೆನ್‌ಜೀ, ಸೀದಾ ರಷ್ಯಾಕ್ಕೆ ಹೋಗುವ ಮಾಲು ಎಂದ. ಜೇಬಿನ ಹೊಲಿಗೆ ನೋಡಿದೆ. ಎರಡು ವರ್ಷದ ಹಿಂದೆ ನಮ್ಮ ಯೂನಿಟ್‌ನಲ್ಲೇ ರಿಜೆಕ್ಟ್ ಆದ ಲಾಟ್.

"ನಿಮ್ದೇ ಮಾಲು ನೀನೇ ದುಡ್ಡು ಕೊಟ್ಟು ತಗೊಳ್ತೀಯಾ?" ಗಂಡನಿಗೆ ನಗು ತಡೆಯಲಿಲ್ಲ. ನನಗೆ ನಗು ಬರಲಿಲ್ಲ. ಆ ಲಾಟ್ ಹೊಲಿದು ಕೆಲಸ ಕಳೆದುಕೊಂಡ ಇಬ್ಬರು ಟೈಲರ್‌ಗಳು ಈಗ ಎಲ್ಲಿದ್ದಾರೋ ಗೊತ್ತಿರಲಿಲ್ಲ. ತೆಗೆದುಕೊಂಡೆ. ಬೇರೆ ಸೈಜು ಇರಲಿಲ್ಲ.

ಮಾಸ್ಕೋದಿಂದ ಉತ್ತರಕ್ಕೆ ಇನ್ನೊಂದು ವಿಮಾನ, ಆಮೇಲೆ ಏಳು ಗಂಟೆ ಬಸ್ಸು. ಇಳಿದಾಗ ಮಧ್ಯಾಹ್ನ ಮೂರು, ಆಗಲೇ ಕತ್ತಲೆ. ಮಾತು ತರ್ಜುಮೆ ಮಾಡಲು ಕಾರ್ಖಾನೆಯವರು ಗೊತ್ತುಮಾಡಿದ್ದ ನಿವೃತ್ತ ಇಂಗ್ಲಿಷ್ ಟೀಚರ್, ಮಕ್ಕಳು ಹಿಮದಲ್ಲಿ ಜಾರುವ ಹಲಗೆಬಂಡಿ ಎಳೆದುಕೊಂಡು ಬಂದು ನಿಂತಿದ್ದರು. ನನಗಲ್ಲ, ನನ್ನ ಸೂಟ್‌ಕೇಸಿಗೆ. ಆ ಟೀಚರಮ್ಮ ಜೀವನದಲ್ಲಿ ಇಂಗ್ಲಿಷ್ ಮಾತಾಡುವ ಮನುಷ್ಯರನ್ನು ಕಂಡಿರಲಿಲ್ಲವೇನೋ. ಪಠ್ಯಪುಸ್ತಕ ಎದ್ದು ನಡೆದು ಬಂದಂತೆ ಮಾತಾಡುತ್ತಿದ್ದರು. "ತಮ್ಮ ಪ್ರಯಾಣವು ಸುಖಕರವಾಗಿತ್ತೆಂದು ನಂಬುತ್ತೇನೆ" ಎಂಬ ಧಾಟಿ. ಸುಖಕರವಾಗಿರಲಿಲ್ಲ ಎಂದೆ. ಆ ಉತ್ತರ ಅವರ ಪುಸ್ತಕದಲ್ಲಿ ಇರಲಿಲ್ಲ.

ಚಳಿ ಚಳಿ ಎಂದು ದೆಹಲಿಯಲ್ಲಿ ಎಲ್ಲರೂ ಹೆದರಿಸಿದ್ದರು. ಕಾರ್ಖಾನೆಯ ಹಾಸ್ಟೆಲ್ ಕೋಣೆಯೊಳಗೆ ಹೋದರೆ ಮಂಗಳೂರಿನ ಏಪ್ರಿಲ್. ಗೋಡೆಯ ಹೀಟರಿಗೆ ಗುಂಡಿಯೇ ಇಲ್ಲ, ಕಿಟಕಿಗಳ ಸಂದಿಗೆಲ್ಲ ಕಾಗದ ಅಂಟಿಸಿ ಮುಚ್ಚಿದ್ದರು. ಮೂರು ಸ್ವೆಟರ್ ಹೊತ್ತು ತಂದವಳು ಕಾಟನ್ ನೈಟಿಯಲ್ಲಿ ಬೆವರುತ್ತ ಮಲಗಿದೆ. ಊಟಕ್ಕೆ ಮೀನು. ಹೋಟೆಲ್ಲಿನಲ್ಲಿ ಶುದ್ಧ ಸಸ್ಯಾಹಾರವಾದರೂ ಮನೆಯಲ್ಲಿ ನಾವು ಮೀನಿನ ಜನ, ಹಾಗಾಗಿ ಖುಷಿಯಾಯಿತು. ಬಾಯಿಗಿಟ್ಟ ಮೇಲೆ ಖುಷಿ ಹೋಯಿತು. ಅಷ್ಟು ಒಳ್ಳೆಯ ತಾಜಾ ಮೀನನ್ನು ಹುಳಿಯಿಲ್ಲದೆ, ಮೆಣಸಿಲ್ಲದೆ ಬಿಳೀ ನೀರಿನಲ್ಲಿ ಬೇಯಿಸಲು ಕೈಯಾದರೂ ಹೇಗೆ ಬರುತ್ತದೋ.

ಮರುದಿನ ಗೋದಾಮು. ಸ್ಟೋರಿನ ಹೆಂಗಸಿಗೆ ಅರುವತ್ತರ ಹತ್ತಿರ ವಯಸ್ಸು, ಎದುರಿನ ಎರಡು ಹಲ್ಲು ಚಿನ್ನದ್ದು. ನಮ್ಮ ಕೋಟುಗಳಲ್ಲಿ ಒಂದು ಕಟ್ಟು ಮಾತ್ರ ಬಿಚ್ಚಿ, ಉಳಿದದ್ದನ್ನು ಹಾಗೇ ಗೋಡೆಗೆ ಒತ್ತಿ ಇಟ್ಟಿದ್ದಳು. ನಾನು ವಿಮಾನದಲ್ಲಿ ಬಾಯಿಪಾಠ ಮಾಡಿದ್ದ ವಾದ ಶುರುಮಾಡಿದೆ. ಆಕೆ ಕೇಳಿಸಿಕೊಳ್ಳಲೇ ಇಲ್ಲ. ಒಂದು ಕೋಟು ತೆಗೆದು ಕೊಟ್ಟಳು, ಜೊತೆಗೆ ಒಂದು ಜೊತೆ ಗವಸು. ಹೆಬ್ಬೆರಳಿಗೊಂದು ಮನೆ, ಉಳಿದ ನಾಲ್ಕು ಬೆರಳಿಗೆ ಸೇರಿ ಒಂದೇ ಮನೆ, ಅಂಥ ಉಣ್ಣೆಯ ಗವಸು. ಎರಡನ್ನೂ ಹಾಕಿಕೊಂಡೆ. ಕೋಟಿನ ಎದೆ ತೆರೆದೇ ಇರಲಿ ಎಂದು ಆಕೆ ಸನ್ನೆ ಮಾಡಿದಳು, ಮೂವರೂ ದಕ್ಕೆಗೆ ನಡೆದೆವು.

ಸಮುದ್ರದ ಮೇಲಿಂದ ಬಂದ ಗಾಳಿಗೆ ಎದೆಯ ಮೂಳೆ ಎಣಿಸಬಹುದಿತ್ತು. ಆಕೆ ಏನೋ ಹೇಳಿದಳು. ಟೀಚರ್ ತರ್ಜುಮೆ ಮಾಡಿದರು: "ಈಗ ದಯವಿಟ್ಟು ತಾವು ಮುಚ್ಚಿಕೊಳ್ಳಿ."

ಜಿಪ್ಪಿನ ಮೇಲೆ ಓಡುವ ರನ್ನರಿಗೆ, ಹಿಡಿದೆಳೆಯಲೆಂದು ನಮ್ಮಲ್ಲಿ ಹಾಕಿದ್ದು ಕಿರುಬೆರಳಿನ ಉಗುರಿನಷ್ಟು ಲೋಹದ ಎಲೆ. ಗವಸಿನಲ್ಲಿ ಅದು ಇದೆಯೋ ಇಲ್ಲವೋ ಎಂದೇ ಗೊತ್ತಾಗುವುದಿಲ್ಲ. ಒಂದು ಸಲ, ಎರಡು ಸಲ, ಹತ್ತು ಸಲ. ಆಕೆ ಗಡಿಯಾರ ನೋಡುತ್ತ ನಿಂತಿದ್ದಳು. ಸಿಟ್ಟಿನಲ್ಲಿ ಗವಸು ಕಿತ್ತು, ಅದೇ ಕೈಯಲ್ಲಿ ಮೂಗು ಒರೆಸಿಕೊಂಡು ರನ್ನರ್ ಹಿಡಿದೆ. ಒದ್ದೆ ಬೆರಳು ಚಳಿಗೆ ಹೆಪ್ಪುಗಟ್ಟಿ ಲೋಹಕ್ಕೆ ಅಂಟಿಕೊಂಡಿತು. ಎಳೆದರೆ ಚರ್ಮ ಬರುತ್ತದೆ. ಆಕೆಯೇ ಬಗ್ಗಿ ಬಿಸಿಯುಸಿರು ಊದಿ ಬಿಡಿಸಿದಳು. ದಕ್ಕೆಯ ಮೇಲೆ ಇಲ್ಲಿ ಯಾರೂ ಗವಸು ತೆಗೆಯುವುದಿಲ್ಲ ಎಂದು ಟೀಚರ್ ನಿಧಾನವಾಗಿ, ವ್ಯಾಕರಣಶುದ್ಧವಾಗಿ ವಿವರಿಸಿದರು. ಆ ವಿವರಣೆ ನನಗೆ ಬೇಕಿರಲಿಲ್ಲ.

ಅಂಚೆ ಕಚೇರಿಗೆ ಹೋಗಿ ಕಾಲ್ ಬುಕ್ ಮಾಡಿ ಮಾಲೀಕರಿಗೆ ಹೇಳಿದೆ. ಅವರು ಕೂಗಿದರು. ಸ್ಯಾಂಪಲ್ ಒಪ್ಪಿದ್ದು ಬಯರ್, ಸ್ಯಾಂಪಲಿನಂತೆಯೇ ಮಾಲು ಕೊಟ್ಟಿದ್ದೇವೆ, ಕಾನೂನು ನಮ್ಮ ಕಡೆ ಇದೆ, ಅಷ್ಟು ಹೇಳಿ ಸಹಿ ತಗೊಂಡು ಬನ್ನಿ, ಬೇರೆ ಒಂದಕ್ಷರ ಮಾತಾಡಬೇಡಿ ಎಂದರು. ಮಾತು ಸರಿಯೇ. ಬಯರ್ ಪರವಾಗಿ ಏಜೆಂಟ್ ಸ್ಯಾಂಪಲ್ ಒಪ್ಪಿದ್ದ. ಆದರೆ ಅವನು ಕೋಟು ನೋಡಿ ಒಪ್ಪಿದ್ದಲ್ಲ, ನನ್ನ ಟಿಕ್ ನೋಡಿ ಒಪ್ಪಿದ್ದು.

ವಾಪಸ್ ಬಂದು ಹಾಗೇ ಹೇಳಿದೆ. ಸ್ಯಾಂಪಲ್, ಒಪ್ಪಿಗೆ, ಕಾನೂನು. ಆಕೆ ಡ್ರಾಯರಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿ ಇಟ್ಟಳು. ನಮ್ಮ ಪಟ್ಟಿಯ ಪ್ರತಿ. ಹನ್ನೊಂದನೇ ಸಾಲಿನ ಮೇಲೆ ಬೆರಳಿಟ್ಟಳು. ಟೀಚರ್ ಕೇಳಿದರು: "ಈ ಗುರುತನ್ನು ಹಾಕಿದವರು ಯಾರೆಂದು ಇವರು ತಿಳಿಯಬಯಸುತ್ತಾರೆ."

ಗೊತ್ತಿಲ್ಲ ಎನ್ನಬಹುದಿತ್ತು. ಓಖ್ಲಾದಲ್ಲಿ ಯಾರೋ ಎನ್ನಬಹುದಿತ್ತು. ಅಂಟಿದ ಬೆರಳು ಇನ್ನೂ ಉರಿಯುತ್ತಿತ್ತು.

"ನಾನೇ" ಎಂದೆ. "ಗವಸು ಹಾಕಿ ನೋಡಲಿಲ್ಲ."

ಟೀಚರ್ ತರ್ಜುಮೆ ಮಾಡುವ ಮೊದಲೇ ಆಕೆಗೆ ಅರ್ಥವಾಗಿತ್ತು. ಕಪಾಟು ತೆಗೆದು ಬಲೆ ನೇಯುವ ಹಸಿರು ನೈಲಾನ್ ದಾರದ ದೊಡ್ಡ ಉಂಡೆ ತಂದು ಎದುರಿಗಿಟ್ಟಳು. ಬಸ್ಸು ಇನ್ನು ನಾಲ್ಕು ದಿನಕ್ಕೆ, ಅಷ್ಟರೊಳಗೆ ನೀವೇ ಸರಿಮಾಡಿ, ಆದದ್ದಕ್ಕೆ ಸಹಿ ಹಾಕುತ್ತೇನೆ, ಆಗದ್ದಕ್ಕೆ ಇಲ್ಲ ಎಂದಳು. ನಾನೂರು ಕೋಟು.

ಮೊದಲು ರನ್ನರಿನ ತೂತಿಗೆ ದಾರ ಹಾಕಿ ಸಾದಾ ಕುಣಿಕೆ ಮಾಡಿದೆ. ಆಕೆ ಹೊರಗೆ ಹೋಗಿ ಎಳೆದಳು, ಜಾರಿತು. ಜೋಡಿ ಎಳೆ ಮಾಡಿ ದೊಡ್ಡ ಗಂಟು ಹಾಕಿದೆ. ಗಂಟು ಕೋಟಿನ ಮೇಲ್ಪದರಕ್ಕೆ ಸಿಕ್ಕಿಕೊಂಡಿತು. ಬೇಕಾದದ್ದು ಬೆರಳಿನಷ್ಟು ದಪ್ಪ, ಬೆರಳಿನಷ್ಟೇ ಉದ್ದ, ತಾನಾಗಿ ನಿಲ್ಲುವಂಥದ್ದು. ಮೂರು ಗಂಟೆ ಹಾಳಾಯಿತು. ಕೊನೆಗೆ ರೇಗಿ ಹೋಗಿ ಉಂಡೆಯ ದಾರದ ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ, ರನ್ನರಿನಿಂದ ಬಂದ ಜೋಡಿ ಎಳೆಯನ್ನು ಹೂವಿನ ತೊಟ್ಟು ಎಂದುಕೊಂಡು, ಒಂದರ ಮೇಲೊಂದು ಸುತ್ತು ಹಾಕಿ ಬಿಗಿಯುತ್ತ ಹೋದೆ. ಗಲ್ಲಾದ ಫೋಟೋಗೆ ದಿನಾ ಕಟ್ಟುವ ಅದೇ ಗಂಟು. ಹೂ ಇಲ್ಲ, ಬರೀ ಗಂಟು. ಹನ್ನೆರಡು ಸುತ್ತು ಆಗುವಷ್ಟರಲ್ಲಿ ಹಸಿರು ಮೆಣಸಿನಕಾಯಿಯ ಗಾತ್ರದ ಗಟ್ಟಿ ತುಂಡು ತಯಾರಾಯಿತು. ಆಕೆ ಗವಸು ಹಾಕಿ ಎಳೆದಳು. ಜಿಪ್ಪು ಒಂದೇ ಸಲಕ್ಕೆ ಕತ್ತಿನವರೆಗೆ ಬಂತು.  ಇನ್ನೊಂದು ಕೋಟು ಕೊಟ್ಟಳು.

ನಾರು ಮೆತ್ತಗಿರುತ್ತದೆ, ನೈಲಾನ್ ಕೊಯ್ಯುತ್ತದೆ. ಎರಡನೇ ದಿನ ಎರಡೂ ತೋರುಬೆರಳಿಗೆ ಬಟ್ಟೆ ಸುತ್ತಿಕೊಂಡೆ. ಪ್ಯಾಕಿಂಗಿನ ಇಬ್ಬರು ಹೆಂಗಸರು ಬಂದು ಕಲಿತರು. ಬಲೆಯ ಊರಿನವರು, ಒಂದೇ ಗಂಟೆಯಲ್ಲಿ ಹಿಡಿದರು. ಸ್ಟೋರಿನವಳು ಮಾತ್ರ ಕಾಲ ಬೆರಳು ಬೇಡ, ಮೇಜಿನ ಮೊಳೆ ಸಾಕು ಎಂದು ಹಟ ಮಾಡಿ ಹತ್ತು ಕೋಟಿನ ಗಂಟು ಕೆಡಿಸಿದಳು, ಆಮೇಲೆ ಬಾಯಿಮುಚ್ಚಿಕೊಂಡು ಬೂಟು ಬಿಚ್ಚಿದಳು. ಹಾಗೆ ಬರಿಗಾಲು ಚಾಚಿ ಕೂತಿದ್ದಾಗ, ನಿಮ್ಮಲ್ಲಿ ಇದರಲ್ಲಿ ಏನು ಕಟ್ಟುತ್ತೀರಿ ಎಂದು ಕೇಳಿದಳು. ಹೂವು ಎಂದೆ. ಯಾವಾಗ? ದಿನಾ, ಬೆಳಗ್ಗೆ.

ಆಕೆ ಏನೋ ಹೇಳಿದಳು. ಟೀಚರ್ ಹೇಳಲೋ ಬೇಡವೋ ಎಂದು ನೋಡಿ, ಕೊನೆಗೆ ಹೇಳಿದರು: "ಪ್ರತಿದಿನವೂ ಹೂವು ಕಟ್ಟಲು ಸಮಯವಿರುವವರಿಗೆ, ಒಂದೇ ಒಂದು ದಿನ ಗವಸು ಧರಿಸಲು ಸಮಯವಿರಲಿಲ್ಲವೇ ಎಂದು ಇವರು ಕೇಳುತ್ತಿದ್ದಾರೆ."

ಪ್ಯಾಕಿಂಗಿನ ಇಬ್ಬರೂ ನಕ್ಕರು. ನನಗೆ ಉರಿದುಹೋಯಿತು. ಮುಂದಿನ ಕೋಟು ಎಳೆದುಕೊಂಡೆ.

ನಾಲ್ಕನೇ ದಿನ ಬಸ್ಸಿಗೆ ಎರಡು ಗಂಟೆ ಇರುವಾಗ ನಾನೂರನೆಯದು ಮುಗಿಯಿತು. ಆಕೆ ಒಂದೊಂದನ್ನೂ ಹೊರಗೆ ಒಯ್ದು ಗವಸು ಹಾಕಿ ಎಳೆದು ನೋಡಿದ್ದಳು. ಹದಿನೇಳು ವಾಪಸ್ ಬಂದಿದ್ದವು, ಬಿಚ್ಚಿ ಮತ್ತೆ ಕಟ್ಟಿದ್ದೆವು. ಸಹಿ ಹಾಕಿದಳು. ಕೆಳಗೆ ಎರಡು ಸಾಲು ಬರೆದು ಸೀಲು ಒತ್ತಿದಳು. ಹೊರಡುವಾಗ ಆ ಉಣ್ಣೆಯ ಗವಸುಗಳನ್ನು ನನ್ನ ಸರೋಜಿನಿ ಕೋಟಿನ ಜೇಬಿಗೆ ತುರುಕಿದಳು. ಆ ಕೋಟಿನ ಜಿಪ್ಪು ಬಸ್ಸಿನಲ್ಲಿ ಕಿತ್ತುಹೋಯಿತು.

ರೋಹಿಣಿಗೆ ಬಂದು ನೋಡಿದರೆ ಗಲ್ಲಾದ ದೇವರ ಕೊರಳಲ್ಲಿ ಪ್ಲಾಸ್ಟಿಕ್ ಮಾಲೆ. ಗಂಡ, ಒಂದು ವಾರ ಅಡ್ಜಸ್ಟ್ ಮಾಡ್ಕೊಂಡ್ರು ದೇವರು ಎಂದರು. ಪೋಲಾರ್ ಬೇರ್ ಫೋಟೋ ಇಲ್ಲವೆಂದು ಮಗಳು ಮುಖ ತಿರುಗಿಸಿದಳು. ಓಖ್ಲಾದಲ್ಲಿ ಮಾಲೀಕರು ಸಹಿ ನೋಡಿ, ಇಷ್ಟು ಸುಲಭದ ಕೆಲಸಕ್ಕೆ ಐದು ದಿನ ಬೇಕಾಯಿತೇ ಎಂದರು. ಟಿಕ್ ಹಾಕಿದ್ದು ನಾನು ಎಂದು ಅವರಿಗೂ ಹೇಳಿದೆ. ಅರ್ಧ ದಿನ ಬೈದರು, ಆಮೇಲೆ ಚಹಾ ತರಿಸಿದರು.

ದೊಡ್ಡ ಆರ್ಡರ್ ಬಂತು. ಆ ಹೆಂಗಸು ಬರೆದಿದ್ದ ಎರಡು ಸಾಲೂ ಅದರೊಂದಿಗೆ ಪಟ್ಟಿಯಲ್ಲಿ ಬಂದವು: ಜಿಪ್ಪಿಗೆ ಇದೇ ಗಂಟು, ಕೈಯಲ್ಲೇ ಕಟ್ಟಿದ್ದು. ಆ ಗಂಟು ಮಿಷನ್ನಿನಲ್ಲಿ ಬರುವುದಿಲ್ಲ. ಬಿಹಾರದ, ಉತ್ತರ ಪ್ರದೇಶದ ನಲವತ್ತು ಟೈಲರ್‌ಗಳಿಗೆ ಚಪ್ಪಲಿ ಬಿಚ್ಚಿಸಿ ಕಾಲ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಳ್ಳುವುದನ್ನು ಕಲಿಸುವ ಕೆಲಸ ಯಾರದ್ದು? ಫೈಲ್ ಯಾರದ್ದೋ ಅವರದ್ದು. ಬೆಳಗ್ಗೆ ಮನೆಯಲ್ಲಿ ಮಲ್ಲಿಗೆ, ಹಗಲಿಡೀ ಓಖ್ಲಾದಲ್ಲಿ ನೈಲಾನ್.

ಮತ್ತೆ ಮೇ ತಿಂಗಳು. ಸ್ಯಾಂಪಲ್ ರೂಮಿನ ಕೂಲರ್‌ನಲ್ಲಿ ಮತ್ತೆ ನೀರಿಲ್ಲ. ಮಾಲೀಕರು ಬಂದು, ಚಲೋ ಮೇಡಂ ಜೀ, ಹನ್ನೊಂದನೇ ಸಾಲು ಟಿಕ್ ಮಾಡಿ, ಕೊರಿಯರ್ ಹೋಗುವ ಹೊತ್ತಾಯಿತು ಎಂದು ಅವಸರ ಮಾಡಿದರು. ಡ್ರಾಯರಿನಿಂದ ಉಣ್ಣೆಯ ಗವಸು ತೆಗೆದು ಅವರ ಕೈಗೇ ಕೊಟ್ಟೆ, ಕೋಟೂ ಕೊಟ್ಟೆ. ಬೈದುಕೊಂಡೇ ಹಾಕಿಕೊಂಡರು. ಮೊದಲ ಸಲ ಜಾರಿತು, ಗಂಟು ಸಡಿಲವಿತ್ತು. ಟೈಲರ್ ಮಾಸ್ಟರ್ ಬಿಚ್ಚಿ ಮತ್ತೆ ಕಟ್ಟುವವರೆಗೆ ಅವರು ಕೋಟಿನೊಳಗೇ ನಿಂತಿರಬೇಕಾಯಿತು. ಕೊರಿಯರ್‌ನವನು ಕಾಯುತ್ತಿದ್ದ. ನಾನು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.